ಎಡ ಮೂಗು ಮಾಯುವ ತನಕ

ಎಡಗಣ್ಣು ಮಾತ್ರ ಅತ್ತಿತು. ಬಲಗಣ್ಣು ಒಣಗಿಯೇ ಇತ್ತು. ಏನೂ ಆಗದ ಹಾಗೆ ಹರಿಹರದ ಬೀದಿಯ ಆಟೋಗಳನ್ನು ನೋಡುತ್ತಿತ್ತು. ಮೂಗು ಚುಚ್ಚಿದರೆ ಚುಚ್ಚಿದ ಕಡೆಯ ಕಣ್ಣಷ್ಟೇ ನೀರು ಸುರಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಕುಮಟೆಯಿಂದ ಇಲ್ಲಿಗೆ ಬಂದು ಆಗ ಮೂರು ತಿಂಗಳಾಗಿತ್ತು. ನಾಲ್ಕೂ ಇರಬಹುದು. ಊರಲ್ಲಿರುವ ಮನೆಯವರನ್ನು ಕೇಳದೆ ನಾನು ಮಾಡಿದ ಮೊದಲ ಕೆಲಸ ಅದು.

ಪತ್ತಾರರು (ಅಕ್ಕಸಾಲಿಗರನ್ನು ಇಲ್ಲಿ ಹಾಗೆನ್ನುತ್ತಾರೆ) ಸಣ್ಣ ಚಿನ್ನದ ತಂತಿ ತೂರಿಸಿ, ಉಂಗುರದಂತೆ ಬಗ್ಗಿಸಿ, "ಮುಗೀತ್ರಿ" ಅಂದರು. ನನ್ನ ತಲೆ ಅಲುಗದ ಹಾಗೆ ಹಿಡಿದು ನಿಂತವರು ಮನೆಯೊಡತಿ ಅಮೀನಾಬಿ. ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ ನನ್ನ ಬಾಡಿಗೆ ವಾಸ. ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಕುಮಟೆಯಲ್ಲಿ ಮಳೆಗಾಲದ ಟವೆಲು ಒಣಗುವುದೇ ಇಲ್ಲ. ಇಲ್ಲಿ ತಂತಿಗೆ ಹಾಕಿ ತಿರುಗುವುದರಲ್ಲಿ ಒಣಗಿ ಹಪ್ಪಳವಾಗಿರುತ್ತದೆ. ತುಟಿಯೂ ಅಷ್ಟೇ, ಗಾಯವೂ ಅಷ್ಟೇ. ದಾವಣಗೆರೆಗೆ ಹೋಗುವ ಬಸ್ಸಿನ ಕಿಟಕಿಯಿಂದ ಬರುವ ಧೂಳು ಮೊದಲು ಹುಡುಕುವುದು ಮೂಗನ್ನೇ.

ಖಾಲಾ ಪಥ್ಯ ಹೇಳಿದರು. "ಬದನೆಕಾಯಿ ಬ್ಯಾಡ. ಮೀನು ಬ್ಯಾಡ. ನಂಜಾಗ್ತೈತೆ." ಗಾಯವನ್ನು ಕೆಣಕುವ ಆಹಾರಕ್ಕೆ ನಂಜು ಅನ್ನುವುದು ನಮ್ಮಲ್ಲೂ ಉಂಟು.

"ಇಲ್ಲಿ ಮೀನು ಎಲ್ಲಿದೆ ಖಾಲಾ?"

"ಹೊಳಿ ಮೀನು ಮೀನಲ್ಲೇನು?"

"ಅಲ್ಲ."

"ಸಮುದ್ರದವರ ಸೊಕ್ಕು ನೋಡು" ಎಂದು ಅರಿಸಿನ ಕಲಸಿದ ಕೊಬ್ಬರಿ ಎಣ್ಣೆಯನ್ನು ಮೂಗಿಗೆ ಸವರಿದರು.

ಅವರು ಕೆಳಗಿಳಿದದ್ದೇ ನಾನು ಅದನ್ನು ಒರೆಸಿ ತೆಗೆದೆ. ದಾವಣಗೆರೆಯ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವುದು ನನ್ನ ಕೆಲಸ. ಚುಚ್ಚುವ ಮೊದಲು ಸ್ಪಿರಿಟ್ಟಿನ ಹತ್ತಿಯಿಂದ ಒರೆಸುವುದು ಕೈಗೆ ಅಂಟಿದ ಅಭ್ಯಾಸ. ನನ್ನ ಮೂಗನ್ನೂ ದಿನಕ್ಕೆ ಐದಾರು ಸಲ ಅದರಿಂದಲೇ ಒರೆಸಿದೆ. ಉರಿಯುತ್ತಿತ್ತು, ಉರಿದರೆ ಶುದ್ಧವಾಗುತ್ತಿದೆ ಎಂದುಕೊಂಡೆ. ಎರಡನೆಯ ವಾರ ಚರ್ಮ ಬಿರಿಯಿತು. ತಂತಿಯ ಪಕ್ಕದಲ್ಲಿ ಕೆಂಪು ಗುಳ್ಳೆಯೊಂದು ಎದ್ದಿತು.

ವಿಡಿಯೋ ಕರೆಯಲ್ಲಿ ಅಮ್ಮನಿಗೆ ಗುಳ್ಳೆಗಿಂತ ಮೊದಲು ಕಂಡದ್ದು ಬೇರೆ. "ಎಡಕ್ಕೆ ಎಂತಕ್ಕೆ ಚುಚ್ಚಿಸ್ದೆ? ನಮ್ಮನೇಲಿ ಎಲ್ಲರಿಗೂ ಬಲಕ್ಕೆ."

"ಪತ್ತಾರರು ತಪ್ಪಿ ಚುಚ್ಚಿದ್ರು" ಅಂದೆ.

"ಹಾಗಾದ್ರೆ ತೆಗ್ದ್ಹಾಕು ಮಗಾ. ಮುಚ್ಚಿಹೋಗ್ಲಿ. ಇಲ್ಲಿಗೆ ಬಂದಾಗ ಬಲಕ್ಕೆ ಚುಚ್ಚಿಸುವ."

ತೆಗೆಯುವುದು ಸುಲಭವಿತ್ತು, ಗಾಯದ ನೋವೂ ತೆಗೆ ಎನ್ನುತ್ತಿತ್ತು. ಆದರೆ ತೆಗೆದರೆ ಈ ಊರಿನಲ್ಲಿ ನಾನೇ ಮಾಡಿಕೊಂಡದ್ದು ಒಂದೂ ಉಳಿಯುತ್ತಿರಲಿಲ್ಲ. ಭಾನುವಾರ ಖಾಲಾರನ್ನು ಕರೆದುಕೊಂಡು ಪತ್ತಾರರ ಬಳಿ ಹೋದೆ.

ಅವರು ಮೂಗನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಏನು ಹಚ್ಚಿದ್ರಿ?"

ಸ್ಪಿರಿಟ್ಟು, ಲ್ಯಾಬಿನ ಸೂಜಿಯ ಅಭ್ಯಾಸ ಎಲ್ಲ ಹೇಳಿದೆ.

"ದಿನಕ್ಕೆ ಆರು ಸಲಾನಾ? ಮತ್ತೆ ಮಾಯೋದು ಯಾವಾಗ್ರಿ? ಗಾಯಕ್ಕೂ ಪುರುಸೊತ್ತು ಬ್ಯಾಡೇನು?" ಖಾಲಾ ನಕ್ಕರು. ಪತ್ತಾರರು ನಗಲಿಲ್ಲ. "ನಿಮ್ಮ ಸೂಜಿ ಚುಚ್ಚಿ ಹೊರಗ ಬರ್ತೈತೆ. ನನ್ನ ತಂತಿ ಒಳಗ ಇರ್ತೈತೆ. ಅದರ ಕೂಡ ಮೂಗು ರೂಢಿ ಆಗ್ಬೇಕು. ಕಾಯಿಸಿ ಆರಿಸಿದ ಉಪ್ಪುನೀರು, ದಿನಕ್ಕೆ ಎರಡು ಸಲ. ತಿರುಗ್ಸಬ್ಯಾಡ್ರಿ, ಮುಟ್ಟಬ್ಯಾಡ್ರಿ. ಕೀವಾದ್ರೆ ಡಾಕ್ಟರ ಹತ್ರ ಹೋಗ್ರಿ, ನನ್ನ ಹತ್ರ ಅಲ್ಲ."

"ಎಣ್ಣಿ?" ಖಾಲಾ ಕೇಳಿದರು.

"ಎಣ್ಣೀನೂ ಬ್ಯಾಡವ್ವ."

ಈಗ ನಗುವ ಸರದಿ ನನ್ನದು.

"ತೆಗೆದರೆ?" ಅಂದೆ.

"ಹಸಿ ತೂತು. ಸಂಜಿ ಒಳಗ ಮುಚ್ತೈತೆ."

ಏಳುವಾಗ ಕೇಳಿಯೇಬಿಟ್ಟೆ: "ಎಡಕ್ಕೆ ಯಾಕೆ ಚುಚ್ಚಿದಿರಿ?"

"ನೀವ ಬೆರಳಿಟ್ಟು ತೋರ್ಸಿದ್ರಿ."

"ಇಲ್ಲ ಇಲ್ಲ, ನಾನ ಹೇಳಿದ್ದು" ಅಂದರು ಖಾಲಾ. "ನಮ್ಮ ಹುಡುಗ್ಯಾರಿಗೆಲ್ಲ ಎಡಕ್ಕ ಐತಲ್ಲ."

ನಾನು ಬೆರಳಿಟ್ಟದ್ದು ನನಗೆ ನೆನಪಿಲ್ಲ. ಅವರು ಹೇಳಿದ್ದೂ ನೆನಪಿಲ್ಲ. ಪತ್ತಾರರು ತಪ್ಪಿದರೆಂಬುದು ಮಾತ್ರ ಚೆನ್ನಾಗಿ ನೆನಪಿತ್ತು. ಆ ಕತೆ ಕಟ್ಟಿದ್ದು ನಾನೇ, ಅಮ್ಮನಿಗಾಗಿ.

ತಂತಿಯನ್ನು ತೆಗೆಯಲಿಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಉಣ್ಣುವ ಮೊದಲು ಒಮ್ಮೆ ಉಪ್ಪುನೀರಿನ ಬಟ್ಟೆ. ಲ್ಯಾಬಿನಲ್ಲಿ ಮಾಸ್ಕು ತಾಗದ ಹಾಗೆ ತುಸು ಸಡಿಲ ಕಟ್ಟಿದೆ. ಮುಟ್ಟದೆ ಇರುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಒಬ್ಬಳೇ ಇರುವವಳ ಕೈ ಮುಖಕ್ಕೇ ಹೋಗುತ್ತದೆ. ಗುಳ್ಳೆ ಇಳಿಯಿತು. ಹೊರಗೆ ಮಾಯ್ದ ಮೇಲೂ ಒಳಗೆ ತಿಂಗಳುಗಟ್ಟಲೆ ಹಸಿಯಿರುತ್ತದಂತೆ. ಯಾವ ದಿನ ಪೂರಾ ಮಾಯಿತೋ ಹೇಳಲಾರೆ. ಒಂದು ಬೆಳಿಗ್ಗೆ ಮುಖ ತೊಳೆದೆ, ಮೂಗು ಇರುವುದೇ ಮರೆತಿತ್ತು.

ರಜೆ ಸಿಕ್ಕಾಗ ಘಟ್ಟ ಇಳಿದು ಊರಿಗೆ ಹೋದೆ. ಅಮ್ಮ ಬಂಗುಡೆ ಮೀನು ಹುರಿಯುತ್ತಿದ್ದಳು. ತಿರುಗಿ ನೋಡಿ, "ತೆಗೀಲಿಲ್ಲ ಹಾಗಾದ್ರೆ" ಅಂದಳು.

"ಪತ್ತಾರರದ್ದು ತಪ್ಪಲ್ಲ ಅಮ್ಮ. ನಾನೇ ಎಡಕ್ಕೆ ಅಂದೆ."

ನಿಜವೋ ಸುಳ್ಳೋ ಗೊತ್ತಿಲ್ಲದ ಆ ಮಾತು ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಅಮ್ಮ ಕೈ ಒರೆಸಿಕೊಂಡು ಬಂದು ನನ್ನ ಬಲ ಮೂಗನ್ನು ಹೆಬ್ಬೆರಳಿನಿಂದ ಒತ್ತಿದಳು. "ಇಲ್ಲಿ ಜಾಗ ಉಂಟಲ್ಲ."

ನಾನು ತಟ್ಟೆ ಎಳೆದುಕೊಂಡು ಬಂಗುಡೆ ತಿನ್ನಲು ಕೂತೆ.

ಹರಿಹರಕ್ಕೆ ಮರಳಿದಾಗ ಖಾಲಾ ಬಾಗಿಲಲ್ಲೇ ನನ್ನ ಗದ್ದ ಹಿಡಿದು ಎಡಕ್ಕೆ ನೋಡಿದರು. "ಮೀನು ತಿಂದ್ಯಾ?"

"ತಿಂದೆ."

"ಏನೂ ಆಗಿಲ್ಲ ಬಿಡು. ಮಾಯ್ದೈತೆ."

ಬಲಗಡೆ ಅಮ್ಮನ ಹೆಬ್ಬೆರಳು ಇನ್ನೂ ಒತ್ತಿದ ಹಾಗೇ ಇತ್ತು. ಆ ಕಡೆ ಖಾಲಾ ನೋಡಲಿಲ್ಲ.