ಕವಿಯ ಕೊರಳಿನ ಬಿಲ್ಲೆ

ನಮಗೆ ಎಂ.ಎ.ಯಲ್ಲಿ ಕಾವ್ಯ ಕಲಿಸಿದ ಮೇಷ್ಟ್ರು ಸ್ವತಃ ಕವಿ. ಬಂಗಾರಪೇಟೆಯಿಂದ ರೈಲಿನಲ್ಲಿ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದರು. ಚಿನ್ನದ ಗಣಿಗೆ ಎಂದೂ ಇಳಿದವರಲ್ಲ. ಆದರೂ ಅವರ ಮೂರು ಸಂಕಲನಗಳ ತುಂಬ ಗಣಿಯ ಕತ್ತಲೆಯೇ. ಗುಜರಿ ಅಂಗಡಿಯಲ್ಲಿ ಸಿಕ್ಕ, ಗಣಿ ಕಾರ್ಮಿಕನೊಬ್ಬನ ಹಿತ್ತಾಳೆಯ ನಂಬರು ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡಿದ್ದರು. ಅದನ್ನು ಸವರುತ್ತ, "ಅನುಭವಿಸಿ ಬರೀಬೇಕು ಕಣ್ರೀ," ಎನ್ನುತ್ತಿದ್ದರು.

ಗಣಿಗಳ ಊರಾದ ಉರಿಗಾಂನ ಕವಿಗೋಷ್ಠಿಯಲ್ಲಿ ಅವರು ಓದಿ ಮುಗಿಸಿದಾಗ, ನಿವೃತ್ತ ಗಣಿ ಕಾರ್ಮಿಕರೊಬ್ಬರು ಎದ್ದು ಬಂದು ಆ ಬಿಲ್ಲೆಯನ್ನು ಹಿಡಿದು ನೋಡಿದರು.

"ಮ್ಯಾಲಕ್ಕೆ ಬಂದೋರು ಇದನ್ನ ಗೇಟಲ್ಲಿ ವಾಪಸ್ ಕೊಡ್ಬೇಕು ಸಾರ್. ಕೊಡ್ದಿದ್ರೆ ಆಳು ಇನ್ನೂ ಕೆಳಗೇ ಅವ್ನೆ ಅಂತ ಉಡುಕ್ಕಂಡು ಓಗ್ತಿದ್ವಿ."

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು.

"ಇನ್ನೊಂದ್ಸಲ ಹೇಳಿ," ಎಂದರು, "ಸ್ವಲ್ಪ ನಿಧಾನವಾಗಿ."