ಆಯೋಗದ ಸ್ವಂತ ಗಾಡಿ

ಶಾಲೆಯ ಬಸ್ಸು ಓಡಿಸುತ್ತಿದ್ದ ಕಾಲದಲ್ಲೇ ಮಕ್ಕಳು ಅವಳಿಗೆ ನಿಧಾನಕ್ಕ ಎಂದು ಹೆಸರಿಟ್ಟಿದ್ದರು. ಅದಕ್ಕೆ ಬೇಜಾರು ಮಾಡಿಕೊಳ್ಳುವ ಜಾಯಮಾನ ಅವಳದಲ್ಲ. "ನಿಧಾನ ಅಂದಿದ್ದಾರೆ, ಗುಂಡಿಗೆ ಬೀಳಿಸಿದ್ಲು ಅಂತ ಯಾರೂ ಅಂದಿಲ್ವಲ್ಲ" ಎಂದು ನಗುತ್ತಿದ್ದಳು.

ಆಮೇಲೆ ಸಚಿವಾಲಯದ ವಾಹನ ವಿಭಾಗದಲ್ಲಿ ಚಾಲಕಿಯಾದಳು. ಅಲ್ಲಿನ ಮೇಲ್ವಿಚಾರಕ ಅವಳ ಒಡಹುಟ್ಟಿದ ಅಣ್ಣ. ದೇಶದ ಮಾನವ ಹಕ್ಕುಗಳ ಆಯೋಗ ಶುರುವಾದಾಗ ಅದಕ್ಕೊಂದು ಗಾಡಿ ಇರಲಿಲ್ಲ. ಸಚಿವಾಲಯ ದೊಡ್ಡ ಮನಸ್ಸು ಮಾಡಿ ಕಪ್ಪು ಕಾರೊಂದನ್ನು ಎರವಲು ಕೊಟ್ಟಿತು, ಜೊತೆಗೆ ನಿಧಾನಕ್ಕನನ್ನೂ.

ಆಯೋಗದ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಪೊಲೀಸ್ ಠಾಣೆ, ಜೈಲು, ನಿರಾಶ್ರಿತರ ಮನೆ ಇಂಥಲ್ಲಿಗೆಲ್ಲ ಹೇಳದೆ ಕೇಳದೆ ಹೋಗಿ, ಒಳಗಿದ್ದವರನ್ನು ಹೇಗೆ ಇಟ್ಟಿದ್ದಾರೆಂದು ನೋಡುವುದು ಆಯೋಗದ ಮುಖ್ಯ ಕೆಲಸ. ವಿಚಿತ್ರವೆಂದರೆ ಹೋದಲ್ಲೆಲ್ಲ ನೆಲ ಫಳಫಳ, ಊಟ ಬಿಸಿಬಿಸಿ. ಒಂದು ಠಾಣೆಯಲ್ಲಿ ಗೋಡೆಗೆ ಒರಗಿದ ಅಧ್ಯಕ್ಷೆಯ ಕೋಟಿಗೆ ಹಸಿ ಬಣ್ಣ ಮೆತ್ತಿಕೊಂಡಿತು.

"ನಾವು ಬರೋದು ಈ ಗೋಡೆಗೆ ನಿನ್ನೆನೇ ಗೊತ್ತಿತ್ತು," ಎಂದರು ಅವರು ಕಾರು ಹತ್ತುತ್ತಾ.

ನಿಧಾನಕ್ಕನಿಗೆ ಆಗ ಹೊಳೆಯಿತು. ದಿನಾ ಸಂಜೆ ಅಣ್ಣ ಫೋನ್ ಮಾಡಿ, ನಾಳೆ ಗಾಡಿ ಎಲ್ಲಿಗೆ ಎಂದು ಕೇಳುತ್ತಿದ್ದ. ಡೀಸೆಲ್ ಲೆಕ್ಕಕ್ಕಿರಬೇಕು ಅಂದುಕೊಂಡು ಅವಳು ಹೇಳಿಬಿಡುತ್ತಿದ್ದಳು. ದಾರಿಯಲ್ಲಿ ಕಾರು ನಿಲ್ಲಿಸಿದವಳೇ ಹಿಂದೆ ತಿರುಗಿ ಎಲ್ಲವನ್ನೂ ಒಪ್ಪಿಸಿದಳು.

ಅಧ್ಯಕ್ಷೆ ಬೈಯಲಿಲ್ಲ. ನಕ್ಕೇಬಿಟ್ಟರು. "ಕಾರು ಅವರದ್ದು, ನೀವು ಅವರ ಕಡೆಯವರು. ನಾನು ಕೂರೋ ಕುರ್ಚಿಗೂ ಅವರ ಸೀಲೇ ಇದೆ. ಅವರ ತಪ್ಪು ಹುಡುಕೋಕೆ ಅವರ ಗಾಡೀಲೇ ಹೊರಟಿದ್ದೀವಲ್ಲ, ನಮಗೆ ಬುದ್ಧಿ ಬೇಡ್ವಾ?"

ಅಂದು ಸಂಜೆ ಅಣ್ಣ ಎಂದಿನಂತೆ ಫೋನ್ ಮಾಡಿದ.

"ಹೇಳಕ್ಕಾಗಲ್ಲ ಅಣ್ಣ."

"ಏನೇ ಇದು, ನಾನು ನಿನ್ನ ಅಣ್ಣ ಕಣೇ."

"ಅಣ್ಣ ಆಗಿದ್ರೆ ಊಟಕ್ಕೆ ಬಾ. ಮೇಲ್ವಿಚಾರಕ ಆಗಿದ್ರೆ ನಮ್ಮ ಮೇಡಂನ ಕೇಳು."

ಅವನು ಫೋನ್ ಇಟ್ಟುಬಿಟ್ಟ. ಮರುದಿನ ಬೆಳಿಗ್ಗೆ ಕಾರು ರಿಪೇರಿಗೆ ಬರಬೇಕೆಂದು ಆದೇಶ ಬಂತು. ರಿಪೇರಿ ಮಾಡಲು ಅದರಲ್ಲಿ ಏನೂ ಕೆಟ್ಟಿರಲಿಲ್ಲ.

"ಸಿಟಿ ಬಸ್ ಇದೆಯಲ್ಲ," ಎಂದರು ಅಧ್ಯಕ್ಷೆ. ಹಾದಿ ಗೊತ್ತಿದ್ದ ನಿಧಾನಕ್ಕ ಕಾರಿನ ಕೀಲಿ ಒಪ್ಪಿಸಿ, ಒಂದು ದಿನ ರಜೆ ಹಾಕಿ ಜೊತೆಗೆ ಹೊರಟಳು. ಮುಂದಿನ ಸೀಟಿನಲ್ಲಿ ಕುಳಿತು ಪ್ರತಿ ತಿರುವಿನಲ್ಲೂ ಬಲಗಾಲು ಒತ್ತುತ್ತಿದ್ದಳು.

"ಅಕ್ಕಾ, ಯಾರಿಗೆ ಬ್ರೇಕ್ ಹಾಕ್ತಿದ್ದೀರ?" ಎಂದ ಬಸ್ಸಿನ ಡ್ರೈವರ್.

"ನಿಂಗೇ ಕಣಪ್ಪ."

ಬಸ್ಸು ಅವರನ್ನು ವಿಚಾರಣಾಧೀನ ಕೈದಿಗಳ ಜೈಲಿನ ಮುಂದೆ ಇಳಿಸಿತು. ಗೇಟಿನ ಕಾವಲುಗಾರ ಕಕ್ಕಾಬಿಕ್ಕಿಯಾದ. "ಮೇಲಿಂದ ಫೋನ್ ಬಂದಿಲ್ಲ ಮೇಡಂ."

"ಬಂದಿದ್ರೆ ನಾವು ಬೇರೆ ಕಡೆ ಹೋಗ್ತಿದ್ವಿ. ಬಾಗಿಲು ತೆಗೀರಿ."

ಒಳಗೆ ಈ ಸಲ ಬಣ್ಣದ ವಾಸನೆ ಇರಲಿಲ್ಲ. ಇದ್ದ ವಾಸನೆಯೇ ಬೇರೆ. ಶೌಚಾಲಯಕ್ಕೆ ಬಾಗಿಲಿಲ್ಲ, ಒಂದು ಹಾಸಿಗೆಗೆ ಇಬ್ಬರು. ಮೂಲೆಯಲ್ಲಿ ಸಾಣೆ ಹಿಡಿಯುವವನೊಬ್ಬ ಮುದುರಿ ಕುಳಿತಿದ್ದ. ಚೀಲದ ತುಂಬ ಚಾಕು ಇಟ್ಟುಕೊಂಡಿದ್ದಾನೆ ಎಂದು ಅವನನ್ನು ಹಿಡಿದಿದ್ದರು. ಸಾಣೆಯವನ ಚೀಲದಲ್ಲಿ ಇನ್ನೇನಿರುತ್ತದೆ? ಅವನನ್ನು ಬಿಡಲು ಕೋರ್ಟು ಯಾವಾಗಲೋ ಹೇಳಿತ್ತು, ಆದರೆ ಆದೇಶ ಇನ್ನೂ ಕೈಸೇರಿಲ್ಲ ಎಂದು ಜೈಲಿನವರು ಸುಮ್ಮನಿದ್ದರು. ಅಧ್ಯಕ್ಷೆ ಜೈಲಧಿಕಾರಿಯ ಕೋಣೆಯಲ್ಲಿ ಕುಳಿತು, "ಇವನ ಜೊತೆ ಹೊರಗೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲೇ ಇರ್ತೀನಿ" ಎಂದರು. ಕೋರ್ಟಿಗೂ ಜೈಲಿಗೂ ಫೋನಿನ ಮೇಲೆ ಫೋನು ಓಡಾಡಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಅವನು ಹೊರಗಿದ್ದ.

ಬಸ್ಸಿನಲ್ಲಿ ನಿಧಾನಕ್ಕನ ಪಕ್ಕ ಕುಳಿತು ಅವನು ಕಿಟಕಿ ಪೂರ್ತಿ ತೆಗೆಸಿದ. ಗಾಳಿಗೆ ಮುಖವೊಡ್ಡಿದ. ಆಮೇಲೆ, "ಮನೇಲಿ ಯಾರಿಗೂ ಗೊತ್ತಿಲ್ಲಕ್ಕಾ. ಹಿಂಗೆ ದಿಢೀರಂತ ಹೋದ್ರೆ ಹೆದರ್ಕೋತಾಳೇನೋ ನಮ್ಮವಳು" ಎಂದ.

"ಹೆದರಿಕೊಳ್ಳಲಿ ಬಿಡಪ್ಪ, ಆಮೇಲೆ ನಗ್ತಾಳೆ," ಎಂದಳು ನಿಧಾನಕ್ಕ. ಕಣ್ಣು ಮಾತ್ರ ಅವಳದೇ ತುಂಬಿತ್ತು.

ಆಯೋಗದ ವರದಿಯಲ್ಲಿ ಜೈಲಿನ ಸಂಗತಿಯ ಜೊತೆಗೆ ಕಾರಿನ ಕಥೆಯೂ ಸೇರಿತು. ಪತ್ರಿಕೆಗಳು ಅದನ್ನೇ ಎತ್ತಿ ಬರೆದವು, ಸಂಸತ್ತಿನಲ್ಲಿ ಗದ್ದಲವಾಯಿತು. ಮಂತ್ರಿಗಳು ಮುಖ ಗಂಟಿಕ್ಕಿಕೊಂಡರೂ ಕಾನೂನು ಬದಲಾಯಿತು. ಇನ್ನು ಆಯೋಗದ ಖರ್ಚಿಗೆ ಸಂಸತ್ತೇ ನೇರವಾಗಿ ಕೊಡುತ್ತದೆ, ಸಿಬ್ಬಂದಿಯನ್ನು ಆಯೋಗವೇ ಆರಿಸಿಕೊಳ್ಳುತ್ತದೆ.

ಚಾಲಕರ ಹುದ್ದೆಗೆ ನಿಧಾನಕ್ಕ ಎಲ್ಲರಂತೆ ಅರ್ಜಿ ಹಾಕಿದಳು. ಸಚಿವಾಲಯದಲ್ಲೇ ಇದ್ದರೆ ಬಡ್ತಿ ಸಿಗುವುದರಲ್ಲಿತ್ತು, ಗಂಡನೂ ಅದನ್ನೇ ನೆನಪಿಸಿದ. "ಅಲ್ಲಿ ನಾನು ಯಾರ ಕಾರು ಓಡಿಸ್ತಿದ್ದೀನಿ ಅಂತ ನಂಗೇ ಗೊತ್ತಿರ್ಲಿಲ್ಲ," ಎಂದಳು ಅವಳು. ಚಾಲನಾ ಪರೀಕ್ಷೆಯಲ್ಲಿ ಪರೀಕ್ಷಕ ಆಕಳಿಸಿದ, ಆದರೂ ಪಾಸು ಮಾಡಿದ.

ಆಯೋಗಕ್ಕೆ ಸಿಕ್ಕಿದ್ದು ಹಳೆಯ ನೀಲಿ ವ್ಯಾನು. ಅದರ ಪಕ್ಕದ ಬಾಗಿಲು ಮುಚ್ಚಿದರೆ ನಿಲ್ಲುತ್ತಿರಲಿಲ್ಲ, ಯಾರಾದರೂ ಕೈಯಲ್ಲಿ ಹಿಡಿದಿರಬೇಕು. ಒಂದು ಭಾನುವಾರ ಅಣ್ಣ ಸ್ಪ್ಯಾನರ್ ಚೀಲ ಹೆಗಲಿಗೇರಿಸಿಕೊಂಡು ಬಂದ. ಕೆಲಸ ಕಳೆದುಕೊಂಡಿರಲಿಲ್ಲ, ಆದರೆ ಸ್ವಲ್ಪ ಮೆತ್ತಗಾಗಿದ್ದ.

"ಮೇಲಿನವರು ಕೇಳು ಅಂದ್ರು, ಕೇಳ್ದೆ. ಯಾಕೆ ಅಂತ ಯೋಚ್ನೆ ಮಾಡ್ಲಿಲ್ಲ ಕಣೇ," ಎಂದ ವ್ಯಾನಿನಡಿ ಮಲಗಿಕೊಂಡು.

"ನಾನೂ ಮಾಡ್ಲಿಲ್ಲ ಬಿಡು. ಕೈ ತೊಳ್ಕೊಂಡು ಬಾ, ಅತ್ತಿಗೆ, ಮಕ್ಕಳೂ ಬರ್ತಿದ್ದಾರೆ."

ಬಾಗಿಲು ಸರಿಹೋಯಿತು. ಸೋಮವಾರ ಬೆಳಿಗ್ಗೆ ಅಧ್ಯಕ್ಷೆ ವ್ಯಾನು ಹತ್ತಿ, ಊರಾಚೆಯ ನಿರಾಶ್ರಿತರ ಮನೆಯ ಹೆಸರನ್ನು ಮೆಲ್ಲಗೆ ಹೇಳಿದರು. ನಿಧಾನಕ್ಕ ಕನ್ನಡಿ ಸರಿಪಡಿಸಿಕೊಂಡು, ಗೇರು ಹಾಕಿ, ಮುಖ್ಯರಸ್ತೆಯ ಕಡೆಗೆ ಹೊರಟಳು.