ಕಸದ ಗಾಡಿಯ ಹಿಂದೆ ಓಡಿದವನು

ಗೆಳೆಯರೇ, ಇವತ್ತು ಬೆಳಿಗ್ಗೆ ಬೀದರ್‌ನ ನಮ್ಮ ಓಣಿಯಲ್ಲಿ ಬನಿಯನ್ ಮೇಲೆಯೇ ಕಸದ ಗಾಡಿಯ ಹಿಂದೆ ಓಡಿದವನು ನಾನೇ.

ಹಬ್ಬಕ್ಕೆ ಮನೆ ತೊಳೆಯಲು ಭಾಲ್ಕಿಯಿಂದ ಬಂದ ಅಕ್ಕ, ನನ್ನ ಮೀನಿನ ತೊಟ್ಟಿಯ ಫಿಲ್ಟರ್‌ನಲ್ಲಿದ್ದ ಸ್ಪಂಜನ್ನು ಎಸೆದು, ಪಾತ್ರೆ ತಿಕ್ಕುವ ಹೊಸ ಹಸಿರು ಸ್ಪಂಜು ಸಿಕ್ಕಿಸಿದ್ದಳು.

“ಹಳೇದು ಹೊಲಸಾಗಿತ್ತೋ ತಮ್ಮಾ, ಕಸದಾಗ ಹಾಕೀನಿ.”

“ಅಕ್ಕಾ, ಆ ಹೊಲಸಿನಾಗೇ ಮೀನಿನ ಜೀವ ಅದ!”

“ಹೊಲಸ ಇದ್ರ ಬದುಕ್ತಾವಂತ! ಯಾವ ಸಾಲ್ಯಾಗ ಕಲ್ತೀಯೋ?”

ಮೀನಿನ ಹೇಸಿಗೆಯನ್ನು ಅರಗಿಸುವ ಸೂಕ್ಷ್ಮಜೀವಿಗಳು ಇರುವುದು ಆ ಸ್ಪಂಜಿನಲ್ಲೇ. ನೀರು ಶುದ್ಧವಾಗಿಡಲು ನೆರವಾಗಲೆಂದು ತೊಟ್ಟಿಯಲ್ಲಿ ನೆಟ್ಟ ಗಿಡಗಳು ಇನ್ನೂ ಬೇರು ಹಿಡಿದಿಲ್ಲ. ಸ್ಪಂಜು ಹೋದರೆ ನೀರು ವಿಷವಾಗಿ ಮೀನುಗಳು ಸಾಯುತ್ತವೆ.

ಓಣಿಯ ತಿರುವಿನಲ್ಲಿ ಗಾಡಿ ಸಿಕ್ಕಿತು. ಕಸ ತುಂಬಿಸಿಕೊಳ್ಳುತ್ತಿದ್ದ ಹೆಂಗಸು ಕೇಳಿದರು, “ಏನ್ ಬಿದ್ದದರಿ ಸರ? ಬಂಗಾರೇನು?”

“ಇಲ್ರಿ ತಾಯಿ, ಸ್ಪಂಜು. ಕರ್ರಗ ಅದ.”

ಅವರು ನಗುತ್ತಲೇ ನಮ್ಮ ಮನೆಯ ಚೀಲ ಹುಡುಕಿ, ಬಿಚ್ಚಿ, ಸ್ಪಂಜನ್ನು ಎರಡು ಬೆರಳಲ್ಲಿ ಎತ್ತಿ ಕೊಟ್ಟರು. ಪುಣ್ಯಕ್ಕೆ ಇನ್ನೂ ಒದ್ದೆಯಾಗಿತ್ತು; ಒಣಗಿದ್ದರೆ ಆ ಸೂಕ್ಷ್ಮಜೀವಿಗಳು ಸತ್ತಿರುತ್ತಿದ್ದವು.

“ಇಷ್ಟು ಹೊಲಸ ಸಾಮಾನ ವಾಪಸ್ ಕೇಳ್ದವರು ನೀವೇ ಮೊದಲ ನೋಡ್ರಿ!”

ಕೈ ಮುಗಿದು ಮನೆಗೆ ಓಡಿ, ಹಸಿರು ಸ್ಪಂಜು ಕಿತ್ತು ಹಳೆಯದನ್ನೇ ಫಿಲ್ಟರ್‌ಗೆ ಸಿಕ್ಕಿಸಿದೆ. ಸಂಜೆಯಾಗಿದೆ, ಮೀನುಗಳು ಗಿಡಗಳ ನಡುವೆ ಆಡುತ್ತಿವೆ. ತೊಟ್ಟಿ ಇಟ್ಟವರು ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಅದರಲ್ಲಿನ ಕ್ಲೋರಿನ್‌ಗೆ ಆ ಸೂಕ್ಷ್ಮಜೀವಿಗಳು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ.

ಅಕ್ಕ ಅದನ್ನು ಎಸೆಯದೆ ಸೋಪು ಹಾಕಿ ತಿಕ್ಕಿದ್ದರೆ, ಎಷ್ಟು ಓಡಿದ್ದರೂ ಫಲವಿರಲಿಲ್ಲ. ಮುಟ್ಟಿ ತೊಳೆಯಲೂ ಬೇಡವೆನ್ನುವಷ್ಟು ಅಸಹ್ಯ ಅವಳಿಗೆ ಹುಟ್ಟಿಸಿದ್ದಕ್ಕೆ ಆ ಸ್ಪಂಜಿಗೂ ನಾನು ಋಣಿ.